ಬೇಡಿ ಬಿಚ್ಚಿದ ಚಿಕ್ಕಪ್ಪ

ಮೊನ್ನೆ ಹೊಸಪೇಟೆ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಕರಿಯುತ್ತಿದ್ದರು. ಬಳ್ಳಾರಿ ಸೀಮೆಯವಳು ಮಿರ್ಚಿ ವಾಸನೆಗೆ ಮುಖ ತಿರುಗಿಸಿಕೊಂಡು ನಡೆದಳು ಅಂದರೆ ನೀವು ನಗುತ್ತೀರಿ. ನಗಿ. ಮೊದಲು ನಾನೂ ಒಂದು ಪ್ಲೇಟಿಗೆ ನಿಲ್ಲಿಸುವವಳಲ್ಲ, ನನ್ನ ದೇಹವೇ ಸಾಕ್ಷಿ.

ಈಗ ಆ ವಾಸನೆಗೆ ಕಂಪ್ಲಿಯ ಚಿಕ್ಕಪ್ಪ ನೆನಪಾಗುತ್ತಾನೆ. ಪೊಲೀಸ್ ಪೇದೆಯಾಗಿದ್ದ. ಮೀಸೆ, ಗದರಿಕೆ ಅಂತೆಲ್ಲ ಅಂದುಕೊಳ್ಳಬೇಡಿ. ಮನೆಗೆ ಬಂದವರು ಉಣ್ಣದೆ ಹೋದರೆ ನಿದ್ದೆ ಬಾರದ ಜೀವ ಅದು. ಅಂಥವನನ್ನು ಕೈದಿ ಕಾಯಲು ಹಾಕಿದ್ದರು.

ಒಂದು ದಿನ ಬೈಕ್ ಕಳ್ಳನೊಬ್ಬನನ್ನು ಸಂಡೂರಿನ ಕೋರ್ಟಿಗೆ ಹಾಜರುಪಡಿಸಿ ಬಳ್ಳಾರಿ ಜೈಲಿಗೆ ವಾಪಸ್ ಒಯ್ಯುತ್ತಿದ್ದ. ಜೊತೆಯ ಪೇದೆ ಬಸ್ಸು ವಿಚಾರಿಸಲು ಹೋದ. ಇವರಿಬ್ಬರೂ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಕೂತರು. ಕೈದಿಯ ಬಲಗೈ ಚಿಕ್ಕಪ್ಪನ ಎಡಗೈಗೆ ಬೇಡಿಯಲ್ಲಿ. ಅವನು ಎಡಗೈಯಿಂದ ತುತ್ತೆತ್ತುವುದನ್ನು ಚಿಕ್ಕಪ್ಪನಿಗೆ ನೋಡಲಾಗಲಿಲ್ಲ. ಬೇಡಿ ಬಿಚ್ಚಿದ. ತಿಂದವನು ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದ, ಚಿಕ್ಕಪ್ಪ ಬಿಲ್ಲು ಕೊಡಲು ತಿರುಗಿದ. ನಲ್ಲಿ ಹರಿಯುತ್ತಲೇ ಇತ್ತು, ಕಳ್ಳ ಇರಲಿಲ್ಲ.

ಸಸ್ಪೆಂಡ್ ಮಾಡುತ್ತಾರೆ, ಬಿಡುತ್ತಾರೆ ಅಂದುಕೊಂಡಿದ್ದೆವು. ಆದರೆ ಚಿಕ್ಕಪ್ಪನ ಮೇಲೇ ಕ್ರಿಮಿನಲ್ ಕೇಸು ಬಿತ್ತು. ಕಾವಲಿನ ಸರ್ಕಾರಿ ನೌಕರ ಅಜಾಗರೂಕತೆಯಿಂದ ಕೈದಿಯನ್ನು ಬಿಟ್ಟರೆ ಅವನಿಗೂ ಜೈಲುಂಟಂತೆ! ಓದಿದವಳೆಂದು ಜಂಬ ಪಡುವ ನನಗೇ ಗೊತ್ತಿರಲಿಲ್ಲ. ಬೇಡಿಯೇ ಸಡಿಲವಿತ್ತು, ಕೈ ನುಸುಳಿಸಿಕೊಂಡು ಓಡಿದ ಅನ್ನೋಣ ಎಂದರು ವಕೀಲರು. ಚಿಕ್ಕಪ್ಪ ತಲೆ ತಗ್ಗಿಸಿ ಒಪ್ಪಿದ.

ಅಷ್ಟರಲ್ಲಿ ಸಿಕ್ಕಿಬಿದ್ದಿದ್ದ ಕಳ್ಳನನ್ನು ಸಾಕ್ಷಿಗೆ ಕರೆದರು. ಅವನು ಚಿಕ್ಕಪ್ಪನಿಗೆ ಕೈ ಮುಗಿದು, ಉಪಕಾರ ತೀರಿಸುವವನಂತೆ ಹೇಳಿದ: “ಸಾಹೇಬ್ರದು ಏನೂ ತಪ್ಪಿಲ್ರಿ. ಭಾಳ ಒಳ್ಳೇರು. ಬೇಡಿ ತಾವಾ ಬಿಚ್ಚಿ, ಹೊಟ್ಟಿ ತುಂಬ ತಿನ್ನಪಾ ಅಂದ್ರು.”

ವಕೀಲರು ಕಣ್ಣು ಮುಚ್ಚಿಕೊಂಡರು. ಹೊಗಳಿಕೆಯಿಂದಲೂ ಮನುಷ್ಯ ಹಾಳಾಗಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆರು ತಿಂಗಳ ಶಿಕ್ಷೆಯಾಯಿತು, ನೌಕರಿಯೂ ಹೋಯಿತು. ಅಪೀಲು ಹಾಕಿದ್ದಾರೆ, ಸದ್ಯ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ.

ಮೊನ್ನೆ ಬಸ್ಸು ಹತ್ತಿದ್ದು ಅವನನ್ನು ನೋಡಲೆಂದೇ. ಚಿಕ್ಕಪ್ಪನೇ ಬಡಿಸಿದ, ಮೊದಲಿನಂತೆ ಬಲವಂತ ಮಾಡಿ. ಅಬ್ಬಾ, ಮನುಷ್ಯ ಬದಲಾಗಿಲ್ಲ ಅಂತ ಖುಷಿಪಟ್ಟೆ. ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದೆ. ಹಿಂದೆ ಸಪ್ಪಳವಾಯಿತು. ನೋಡಿದರೆ ಚಿಕ್ಕಪ್ಪ ಓಡುತ್ತ ಬಂದು ಹಿತ್ತಲ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ, ಕಣ್ಣು ನನ್ನ ಕೈಗಳ ಮೇಲೆ. ಏನಾಯಿತು ಅಂದೆ. ಅವನಿಗೇ ನಾಚಿಕೆಯಾಯಿತು.

“ಏನಿಲ್ಲವ್ವ, ನೀ ತೊಳಕೊ,” ಅಂದ.

ಗೇಟು ಬಿಟ್ಟು ಮಾತ್ರ ಸರಿಯಲಿಲ್ಲ.