ಸೌದಾಮಿನಿ ಹಿಂದಕ್ಕೆ ಕೊಟ್ಟ ನಿಯಮಗಳು

ಎಡನೀರಿನ ಸೌದಾಮಿನಿ ಹನ್ನೊಂದು ವರ್ಷ ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿ, ನಲವತ್ತರ ಹತ್ತಿರ ಅನಂತಪುರದ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ಕಂಪನಿಗೆ ಸೇರಿದಳು. ಅಲ್ಲಿ ನೆಟ್‌ವರ್ಕ್ ಕಾರ್ಡ್ ತಯಾರಾಗುತ್ತಿತ್ತು. ಕಾರ್ಡಿಗೆ ಕೆಲಸ ಹೇಳುವ ಪ್ರೋಗ್ರಾಂ, ಅಂದರೆ ಡ್ರೈವರ್, ಬರೆಯುವುದು ಅವಳ ಪಾಲಿಗೆ ಬಂತು. ಮಾಲೀಕ ಲೋಕನಾಥನಿಗೂ ಅವಳಿಗೂ ಮೊದಲ ವಾರದಿಂದಲೇ ಎಣ್ಣೆ ಸೀಗೆಕಾಯಿ.

ಜಗಳ ಹತ್ತಿದ್ದು ಟನೆಲ್ ವಿಷಯಕ್ಕೆ. ಟನೆಲ್ ಎಂದರೆ ನೆಟ್‌ವರ್ಕಿನಲ್ಲಿ ಹೋಗುವ ಮಾಹಿತಿಗೆ ಲಕೋಟೆಯೊಳಗೆ ಇನ್ನೊಂದು ಲಕೋಟೆ. ಹೊರಗಿನದರ ಮೇಲಿನ ವಿಳಾಸ, ಗಿರಾಕಿಯ ನಂಬ್ರ ಎರಡನ್ನೂ ನೋಡಿ, ಬಿಚ್ಚಿ, ಒಳಗಿನದನ್ನು ಸೇರಬೇಕಾದಲ್ಲಿಗೆ ಕಳಿಸಬೇಕು. ಯಾವುದು ಎಲ್ಲಿಗೆ ಎಂದು ಹೇಳುವ ನಿಯಮಗಳನ್ನು ಕಂಪ್ಯೂಟರಿನ ತಲೆಯಿಂದ ಇಳಿಸಿ ಕಾರ್ಡಿಗೇ ಹೊರಿಸಿದರೆ ವೇಗ ಹೆಚ್ಚು. ಆದರೆ ಇವರ ಕಾರ್ಡಿಗೆ ನಂಬ್ರ ಮಾತ್ರ ಓದಲು ಬರುತ್ತಿತ್ತು. ವಿಳಾಸವನ್ನೂ ನೋಡಬೇಕೆನ್ನುವ ನಿಯಮ ಬಂದರೆ ಡ್ರೈವರ್ "ಆಗದು" ಎಂದು ಹಿಂದಕ್ಕೆ ಕೊಡುವಂತೆ ಸೌದಾಮಿನಿ ಬರೆದಿದ್ದಳು. ಆಗ ಕಂಪ್ಯೂಟರೇ ಅದನ್ನು ನಿಧಾನವಾಗಿ, ಆದರೆ ಸರಿಯಾಗಿ ಮಾಡುತ್ತಿತ್ತು.

"ಎಂತ ಮೇಡಂ, ಅರ್ಧಕ್ಕರ್ಧ ನಿಯಮ ವಾಪಸು ಬರ್ತಾ ಉಂಟು," ಎಂದ ಲೋಕನಾಥ. "ವಿಳಾಸ ಬಿಡಿ, ನಂಬ್ರ ಮಾತ್ರ ಕಾರ್ಡಿಗೆ ಹಾಕಿ."

"ಇಬ್ಬರು ಗಿರಾಕಿಗಳಿಗೆ ಒಂದೇ ನಂಬ್ರ ಇದ್ದರೆ?"

"ಇದು ನಿಮ್ಮ ಶಾಲೆ ಅಲ್ಲ."

"ಅಲ್ಲ. ಅಲ್ಲಿ ಮಕ್ಕಳು ಎರಡನೇ ಸಲಕ್ಕಾದರೂ ಕೇಳ್ತಿದ್ದರು."

ಅವಳು ರಜೆಯಲ್ಲಿದ್ದ ವಾರ ಲೋಕನಾಥ ವಿಳಾಸದ ನಿಯಮಗಳನ್ನು ಹಿಂದಕ್ಕೆ ಕೊಡುವ ನಾಲ್ಕು ಸಾಲುಗಳನ್ನು ತಾನೇ ಅಳಿಸಿ, ಆ ಡ್ರೈವರಿನ ಸಮೇತ ಕಾರ್ಡುಗಳನ್ನು ಮಂಗಳೂರಿನಲ್ಲಿ ಹಲವು ಗಿರಾಕಿಗಳ ಮಾಹಿತಿ ಇಡುವ ಒಂದು ಡೇಟಾ ಸೆಂಟರಿಗೆ ಕೊಟ್ಟ. ಹತ್ತು ದಿನ ಕಳೆಯುವುದರೊಳಗೆ ಅಲ್ಲಿನ ಒಂದು ರಕ್ತಪರೀಕ್ಷಾ ಲ್ಯಾಬಿನ ಮಾಹಿತಿ ಟೈಲ್ಸ್ ಅಂಗಡಿಯೊಂದರ ಕಡೆಗೆ ಹರಿಯತೊಡಗಿತು. ಎರಡರದ್ದೂ ಒಂದೇ ನಂಬ್ರವಾಗಿತ್ತು.

ಡೇಟಾ ಸೆಂಟರಿನ ಇಂಜಿನಿಯರ್ ಅನ್ವಿತಾ ಫೋನಿನಲ್ಲಿ ಕೂಗಾಡಿದಾಗ ಲೋಕನಾಥ, ಸೌದಾಮಿನಿಯ ಎದುರಿಗೇ, "ನಮ್ಮ ಮೇಡಂ ಮೊದಲು ಟೀಚರಾಗಿದ್ದವರು, ಅವರ ಕೈಯಲ್ಲಿ ತಪ್ಪಾಗಿದೆ," ಎಂದ.

ಸೌದಾಮಿನಿ ಯಾವ ಸಾಲು, ಯಾವ ತಾರೀಕು, ಅಳಿಸಿದವರು ಯಾರು ಎಂಬ ದಾಖಲೆಯನ್ನು ಅನ್ವಿತಾಗೆ ಕಳಿಸಿದಳು, ಒಂದು ಪ್ರತಿ ಲೋಕನಾಥನಿಗೂ. ಆಮೇಲೆ ಆ ನಾಲ್ಕು ಸಾಲುಗಳನ್ನು ಮರಳಿ ಸೇರಿಸಿದಳು.

"ನಾಳೆಯಿಂದ ಬರುವುದು ಬೇಡ!" ಲೋಕನಾಥ ಮೇಜು ಕುಟ್ಟಿದ.

"ಕಾಗದದಲ್ಲಿ ಕೊಡಿ. ಕಾರಣ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ನನಗೆ ಸರಿಯಾಗಿ ಅರ್ಥವಾಗಲಿ."

ಕಾಗದ ಬರಲೇ ಇಲ್ಲ. ಸೌದಾಮಿನಿ ಒಪ್ಪಿ ಸಹಿ ಹಾಕದ ಡ್ರೈವರನ್ನು ತಾವು ಮುಟ್ಟುವುದಿಲ್ಲವೆಂದು ಅನ್ವಿತಾ ಬರೆದಿದ್ದಳು. ಸೇಡಿಗೆ ಲೋಕನಾಥ ಸೌದಾಮಿನಿಯ ಮೇಜನ್ನು ಸ್ಟೋರ್ ರೂಮಿನ ಬಾಗಿಲಿಗೆ ತಳ್ಳಿಸಿದ. ಅವಳು ಅಲ್ಲೇ ಕೂತು ಕೆಲಸ ಮಾಡುತ್ತಾಳೆ. ಅವನು ಎದುರು ಬಂದರೆ ಪರದೆಯಿಂದ ಕಣ್ಣೆತ್ತುವುದಿಲ್ಲ.