ಅವ್ವ ಉಜ್ಜಿದ ಹಿತ್ತಾಳೆ ತಗಡು

ಗಾವಡಗೆರೆ ಕಡೆಯ ನಮ್ಮ ಊರಿನಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕ, ಶೀಟಿನ ಕೆಳಗೆ ಅಪ್ಪನ ಬಾಡಿಗೆ ಕಾರು ನಿಂತಿದೆ. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅದನ್ನು ಮಾರಿಬಿಡೋಣವೆಂದು ಹೊರಟೆ. ಪಿರಿಯಾಪಟ್ಟಣದಿಂದ ನೋಡಲು ಬಂದವನು ಬಾನೆಟ್ ಎತ್ತಿ, "ಎಷ್ಟು ಸಿಸಿದು, ಯಾವ ವರ್ಸದ ಎಂಜಿನ್ನು?" ಎಂದು ಕೇಳಿದ. ಎಂಜಿನ್ನಿಗೆ ಬಡಿದಿದ್ದ ಹಿತ್ತಾಳೆ ತಗಡಿನಲ್ಲಿ ಅದೆಲ್ಲ ಇರಬೇಕಿತ್ತು. ತಗಡು ಫಳಫಳ ಹೊಳೆಯುತ್ತಿತ್ತು. ಒಂದಕ್ಷರವೂ ಇರಲಿಲ್ಲ.

ಪ್ರತಿ ಆಯುಧಪೂಜೆಗೆ ಅವ್ವ ದೇವರ ಸಾಮಾನಿನ ಜೊತೆಗೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ವಿಭೂತಿ ಎಳೆಯುತ್ತಿದ್ದಳು.

"ಅದು ಎಂಜಿನ್ ನಂಬರು ಕಣವ್ವ, ದೀಪದ ಕಂಬ ಅಲ್ಲ!" ಎಂದು ರೇಗಿದೆ.

"ಪೂಜೆ ಮಾಡೋದ ಕಿಲುಬು ಹಿಡಿಸಿ ಮಡಗಕ್ಕಾಯ್ತದಾ? ನಿಮ್ಮಪ್ಪನೇ ಏನೂ ಅನ್ನಲಿಲ್ಲ, ನಿಂದೇನ್ಲಾ," ಎಂದು ನನ್ನ ಬಾಯಿ ಮುಚ್ಚಿಸಿದಳು.

ಬಂದವನು ಹೊರಟುಹೋದ. ಹುಣಸೂರಿನಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಒಂದು ಸುತ್ತು ನೋಡಿದವನೇ, "ಈ ಗಾಡಿಗೆ ಸಾವಿರದೈನೂರು ಸಿಸಿ ಇರಬೇಕು ಸಾ. ಇದು ಸಣ್ಣದು ಅನ್ಸ್ತದೆ. ಯಾರೋ ಬದಲಾಯಿಸವ್ರೆ," ಎಂದ. ಮಾರುವ ಮಾತು ಅಲ್ಲಿಗೇ ಮರೆತುಹೋಯಿತು.

ಯಾಕೆಂದರೆ ನಾನು ಆರನೇ ಕ್ಲಾಸಿನಲ್ಲಿದ್ದಾಗ ನನ್ನ ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ, ಇದೇ ಕಾರಿನಲ್ಲಿ ಸತ್ತಳು. ಹೆರಿಗೆ ಕಷ್ಟವಾಗಿ, ಹುಣಸೂರಿನ ಆಸ್ಪತ್ರೆಯಲ್ಲಿ ಕೈಚೆಲ್ಲಿ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದಿದ್ದರು. ಅಪ್ಪ ಓಡಿಸುತ್ತಿದ್ದ, ಚಿಕ್ಕಪ್ಪ ಹಿಂದೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಬಿಳಿಕೆರೆ ಕಡೆಯ ಏರಿನಲ್ಲಿ ಕಾರು ತೆವಳಿತು. ಮೈಸೂರು ಮುಟ್ಟುವ ಮೊದಲೇ ತಾಯಿ ಮಗು ಎರಡೂ ಹೋದವು. "ಗಾಡಿ ಎಳೀನಿಲ್ಲ ಕಣ್ಲಾ," ಎಂದು ಅಪ್ಪ ಸಾಯುವತನಕ ಹೇಳಿದ. "ಪೆಟ್ರೋಲ್ ಉಳಿಸಕ್ಕೆ ಮೆತ್ತಗೆ ಓಡಿಸ್ದ," ಎಂದು ಚಿಕ್ಕಪ್ಪ. ಅಂದಿನಿಂದ ನಮ್ಮ ಮನೆಗೂ ಅವನ ಮನೆಗೂ ನಡುವೆ ಇದ್ದ ಮೋಟುಗೋಡೆ ಊರಿನ ಗಡಿಯಂತಾಯಿತು. ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವನು ತಿಥಿಯ ಊಟಕ್ಕೆ ಬರಲಿಲ್ಲ.

ಈಗ ಎಂಜಿನ್ನು ಸಣ್ಣದೆಂದು ತೋರಿಸಿದರೆ ಅಪ್ಪನ ಮಾತು ನಿಜವಾಗುತ್ತಿತ್ತು. ನನಗೆ ಬೇಕಿದ್ದದ್ದು ಅಷ್ಟೇ. ಗೋಡೆಯ ಬಳಿ ಹೋಗಿ, "ಚಿಕ್ಕಪ್ಪ, ಬಂದು ನೋಡಿ. ಅಳತೆ ನಿಮ್ಮ ಕಣ್ಣೆದುರಿಗೇ ಆಗಲಿ," ಎಂದೆ. ಬಹಳ ಹೊತ್ತಿನ ಮೇಲೆ ಕೋಲೂರಿಕೊಂಡು ಬಂದು ದೂರದಲ್ಲಿ ನಿಂತ.

ಮೆಕ್ಯಾನಿಕ್ ಎಂಜಿನ್ನಿನ ತಲೆ ಬಿಚ್ಚಿ ಸಿಲಿಂಡರಿನ ಅಗಲ ಅಳೆದ. ಪಿಸ್ಟನ್ನನ್ನು ತಿರುಗಿಸಿ ಮೇಲೆ ಕೆಳಗೆ ತಂದು, ಸೈಕಲ್ ಕಡ್ಡಿ ಇಳಿಬಿಟ್ಟು ಅದರ ಓಡಾಟ ಅಳೆದ. ನಾನು ಮೊಬೈಲಿನಲ್ಲಿ ಗುಣಿಸಿದೆ. ಒಂದು ಸಿಲಿಂಡರಿಗೆ ಮುನ್ನೂರು, ನಾಲ್ಕಕ್ಕೆ ಸಾವಿರದ ಇನ್ನೂರು ಸಿಸಿ.

"ಇಷ್ಟು ತೂಕದ ಗಾಡಿಗೆ ಇದು ಸಾಲಕಿಲ್ಲ. ಜನ ತುಂಬಿದ್ರೆ ಏರಲ್ಲಿ ಉಸಿರು ಕಟ್ತದೆ," ಎಂದ ಮೆಕ್ಯಾನಿಕ್.

ಚಿಕ್ಕಪ್ಪ ಹತ್ತಿರ ಬಂದು ಮಡ್‌ಗಾರ್ಡಿನ ಮೇಲೆ ಕೈಯೂರಿದ. "ಅಂಗಾರೆ ಅಣ್ಣ ಯೋಳಿದ್ದು ದಿಟವೇಯಾ?" ಎಂದ. ಅವ್ವ ಏನೂ ಕೇಳದೆ ಅವನ ರಟ್ಟೆ ಹಿಡಿದು ಜಗುಲಿಗೆ ಕರೆದುಕೊಂಡು ಹೋದಳು, ತಟ್ಟೆ ಇಟ್ಟಳು. ಅವನು ಕೂತ. ಗೆದ್ದೆ ಎಂದುಕೊಂಡೆ. ಅಪ್ಪ ಇದ್ದಿದ್ದರೆ ಎಂದು ಅಳುವೂ ಬಂತು.

ಆಗ ಮೆಕ್ಯಾನಿಕ್, ಸೀಮೆಎಣ್ಣೆ ಬಟ್ಟೆಯಿಂದ ಎಂಜಿನ್ನಿನ ಕೆಳಮೈಯ ಜಿಡ್ಡು ಒರೆಸುತ್ತಾ, "ಬನ್ನಿ ಸಾ, ವರ್ಸ ಸಿಕ್ತು," ಎಂದ. ಕಬ್ಬಿಣ ಎರಕ ಹೊಯ್ಯುವಾಗಲೇ ಮೂಡಿಸಿದ ಅಂಕಿಗಳು. ಅವ್ವನ ಹುಣಸೆಹಣ್ಣು ಅಲ್ಲಿಗೆ ಮುಟ್ಟಿರಲಿಲ್ಲ. ಬಗ್ಗಿ ಓದಿದೆ. ಅದು ನಾನು ಪಿಯುಸಿ ಸೇರಿದ ವರ್ಷ. ಚಿಕ್ಕಮ್ಮ ಸತ್ತಾಗ ಈ ಎಂಜಿನ್ನು ಹುಟ್ಟಿಯೇ ಇರಲಿಲ್ಲ.

ನೆನಪಾಯಿತು. ನಾನು ಕಾಲೇಜಿಗೆ ಹೋಗುವಾಗ ಕಾರು ಕೆ.ಆರ್. ನಗರದ ಗ್ಯಾರೇಜೊಂದರಲ್ಲಿ ವಾರಗಟ್ಟಲೆ ಇತ್ತು. ವಾಪಸ್ ಬಂದಾಗ ಅದರ ಸದ್ದೇ ಬೇರೆಯಾಗಿತ್ತು. "ಈಗ ಪೆಟ್ರೋಲ್ ಎಷ್ಟು ಉಳೀತದೆ ಗೊತ್ತೇನ್ಲಾ," ಎಂದು ಅಪ್ಪ ಖುಷಿಪಟ್ಟಿದ್ದ. ಅಂದರೆ ಚಿಕ್ಕಮ್ಮ ಸತ್ತ ದಿನ ಕಾರಿನಲ್ಲಿ ಇದ್ದದ್ದು ದೊಡ್ಡ ಎಂಜಿನ್ನು.

"ಯಾವ ವರ್ಸದ್ದಂತೆ ಮಗ?" ಜಗುಲಿಯಿಂದ ಚಿಕ್ಕಪ್ಪ ಕೇಳಿದ. ಮುದ್ದೆ ಮುರಿದು ಸಾರಿಗೆ ಅದ್ದಿದ್ದ ಕೈ ಅಲ್ಲೇ ನಿಂತಿತ್ತು.

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಜಿಡ್ಡಿನ ಬಟ್ಟೆಯನ್ನು ಆ ಅಂಕಿಗಳ ಮೇಲೆ ಒತ್ತಿ ಹಿಡಿದೆ.

"ಕಾಣದಿಲ್ಲ ಚಿಕ್ಕಪ್ಪ. ಅವ್ವ ಉಜ್ಜಿ ಉಜ್ಜಿ ಅಳಿಸಾಕ್ಬುಟ್ಟವಳೆ."

"ಊಂ, ಎಲ್ಲಾನೂ ನನ್ ತಲೆಗೇ ಕಟ್ಟು," ಎಂದು ಅವ್ವ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಚಿಕ್ಕಪ್ಪ ನಕ್ಕ, ಉಂಡ.

ಈಗ ದಿನಾ ಬರುತ್ತಾನೆ. ಅಪ್ಪನ ಫೋಟೋದ ಕೆಳಗೆ ಕೂತು, "ಅಣ್ಣನ್ನ ಸುಮ್‌ಸುಮ್ನೆ ಅಂದುಬುಟ್ಟೆ," ಎಂದು ಕಣ್ಣೊರೆಸಿಕೊಳ್ಳುತ್ತಾನೆ. ನಾನು ಆ ಫೋಟೋ ನೋಡುವುದನ್ನು ಬಿಟ್ಟಿದ್ದೇನೆ. ನೋಡಿದರೆ, ಆವತ್ತು ಯಾಕೆ ಮೆಲ್ಲಗೆ ಓಡಿಸಿದೆ ಅಪ್ಪ ಎಂದು ಕೇಳಿಬಿಡುತ್ತೇನೇನೋ ಎಂಬ ಹೆದರಿಕೆ.