ಬಾಪಾ ಬರೆದ 5/4

ಗಲ್ಫಿನ ದಹ್ರಾನಿನ ಕ್ಯಾಂಪಿನಲ್ಲಿ ಇವತ್ತು ಹಳೆಯ ಎಸಿಯೊಂದರ ಮುಚ್ಚಳ ಬಿಚ್ಚಿದೆ. ಒಳಗೆ ಸರ್ವಿಸ್ ಚೀಟಿ ಅಂಟಿಸಿದ್ದರು: 5/4. ಧೂಳಿನ ನಡುವೆಯೂ ನನಗೆ ಉಮ್ಮನ ಕೋಳಿಸಾರಿನ ವಾಸನೆ ಬಂದಂತಾಯಿತು.

ನಾನು ಚಿಕ್ಕವನಿದ್ದಾಗ ಬಾಪಾ ಇದೇ ಊರಿನಲ್ಲಿ ಎಸಿ ರಿಪೇರಿ ಮಾಡುತ್ತಿದ್ದರು. ಉಡುಪಿ ಹತ್ತಿರದ ನಮ್ಮ ಮನೆಗೆ ಅವರ ಕಾಗದ ಬಂತು: "5/4ಕ್ಕೆ ಬರುತ್ತೇನೆ." ಏಪ್ರಿಲ್ ಐದರಂದು ಉಮ್ಮ ಅಕ್ಕಿರೊಟ್ಟಿ ತಟ್ಟಿ, ಕೋಳಿಸಾರು ಮಾಡಿ, ಹೊಸ ಸೀರೆಯುಟ್ಟು ಗೇಟಿನ ಬಳಿ ನಿಂತರು. ಬಾಪಾ ಬರಲಿಲ್ಲ. ಮನೆಯಲ್ಲಿ ಫೋನಿಲ್ಲದ ಕಾಲ. ಆಮೇಲೆ ಅಂಚೆಯವನ ಸೈಕಲ್ ಬೆಲ್ ಕೇಳಿದರೂ ಸಾಕು, ಉಮ್ಮ ಗೇಟಿಗೆ ಓಡುತ್ತಿದ್ದರು.

ಮೇ ನಾಲ್ಕರಂದು ಬಾಪಾ ಪೆಟ್ಟಿಗೆ ಹೊತ್ತು ಬಂದಾಗ ಉಮ್ಮ ಮೀನು ಕೊಯ್ಯುತ್ತಿದ್ದರು. ಕೈ ತೊಳೆಯದೆಯೇ ಕಾಗದ ತಂದು ಅವರ ಮುಂದೆ ಹಿಡಿದರು.

"ನಮ್ಮ ಬಾಸ್ ಅಮೆರಿಕದವ ಮಾರಾಯ್ತಿ. ಅವರಿಗೆ ತಿಂಗಳು ಮೊದಲು, ದಿನ ಆಮೇಲೆ. ಚೀಟಿ ಬರೆದು ಬರೆದು ನನಗೂ ಅದೇ ಅಭ್ಯಾಸ ಆಗಿದೆ."

"ನೀವು ಅವರ ಹಾಗೆ ಬರೆದಿರಿ. ಕಾದದ್ದು ನಾನಲ್ಲವಾ?" ಎಂದರು ಉಮ್ಮ.

ಈಗ ಯೋಚಿಸಿದರೆ, ಅಮೆರಿಕದವರು ತಾವು ಬಾಯಲ್ಲಿ ಹೇಳುವಂತೆಯೇ ಬರೆಯುತ್ತಾರೆ. ನಾವೂ ಬಾಯಲ್ಲಿ ಮೇ ನಾಲ್ಕು ಎಂದೇ ಹೇಳುವವರು. ಬರೆಯುವಾಗ ಮಾತ್ರ ಬ್ರಿಟಿಷರು ಕಲಿಸಿದಂತೆ ದಿನವನ್ನು ಮುಂದಿಡುತ್ತೇವೆ.

ಮಧ್ಯಾಹ್ನ ಊರಿಗೆ ಫೋನ್ ಮಾಡಿದೆ. "ಉಮ್ಮ, ರಜೆ ಸಿಕ್ಕಿತು. ಜೂನ್ ಹತ್ತಕ್ಕೆ ಬರ್ತೇನೆ."

"ತಾರೀಕು ಬೇಡ ಮೋನೇ," ಎಂದರು. "ಯಾವ ವಾರ ಹೇಳು. ಶುಕ್ರವಾರವಾ, ಶನಿವಾರವಾ?"